ಹುಳುಕಿಲ್ಲದ ಪೇರಲ

ಮೈನೋದ್ದೀನನಿಗೆ ಒಂದು ಕಡೆ ಕೂತೇ ಗೊತ್ತಿಲ್ಲ. ಗೋಕಾಕದ ಹೆಸರಾಂತ ಕಟ್ಟಿಗೆಯ ಆಟಿಕೆ ಹಣ್ಣುಗಳಿಗೆ ಬಣ್ಣ ಹಚ್ಚುವಾಗ ಮಾತ್ರ ಅಲ್ಲಾಡುತ್ತಿರಲಿಲ್ಲ. ಆ ವಿದ್ಯೆ ಕಲಿಸಿದವನು ಪಕ್ಕದ ಓಣಿಯ ಮಾಳಪ್ಪ ಕಾಕಾ. ದೃಷ್ಟಿ ತಾಗಬಾರದೆಂದು ಪ್ರತಿ ಬುಟ್ಟಿಯ ಪೇರಲಕ್ಕೆ ದಬ್ಬಣದಿಂದ ಹುಳ ಕೊರೆದಂಥ ತೂತು ಮಾಡುವುದು ಕಾಕಾನ ಪದ್ಧತಿ. ಅವನು ಎಲ್ಲೂ ಹೆಸರು ಬರೆದವನಲ್ಲ. ಆ ತೂತೇ ಅವನ ಗುರುತಾಗಿತ್ತು.

ಕಾಕಾ ತೀರಿಕೊಂಡ ಮರುವರ್ಷ ಆಸ್ಟ್ರೇಲಿಯಾದ ಬೆಂಡಿಗೋ ಎಂಬ ಊರಿನ ವಸ್ತುಸಂಗ್ರಹಾಲಯವೊಂದು, ಪ್ರವಾಸಿಗರಿಗೆ ತೋರಿಸಲು ಗೋಕಾಕದ ಹಣ್ಣಿನ ಬುಟ್ಟಿ ಕೇಳಿತು. ಮೈನೋದ್ದೀನ ಒಂಬತ್ತು ಹಣ್ಣು ತಾನೇ ಮಾಡಿದ. ಹತ್ತನೆಯದು, ಕಾಕಾ ಕೊನೆಗೆ ಮಾಡಿಟ್ಟಿದ್ದ ಪೇರಲ.

"ಕಾಕೂ, ಕಾಕಾನ ಕೈಯಾಗಿಂದು ಪರದೇಶಕ್ಕ ಹೊಂಟೈತಿ ನೋಡ್ರಿ!" ಎಂದು ಕಾಕಾನ ಹೆಂಡತಿ ಸೀತವ್ವನಿಗೆ ಹೇಳಿಬಂದ.

"ಫೋಟೋ ಬಂದ ಕೂಡ್ಲೆ ತೋರಸಪಾ" ಎಂದಳು ಆಕೆ.

ಆದರೆ ಬುಟ್ಟಿ ಆಸ್ಟ್ರೇಲಿಯಾದ ಬಂದರಿನಲ್ಲೇ ನಿಂತಿತು. ತಪಾಸಣೆಯವರಿಗೆ ತೂತು ಕಂಡು, ಕಟ್ಟಿಗೆಯೊಳಗೆ ಹುಳ ಇದೆಯೆಂಬ ಅನುಮಾನ. ಸಂಗ್ರಹಾಲಯದವರು ಬರೆದರು: ತೂತು ಮುಚ್ಚಿ ಬಣ್ಣ ಹಚ್ಚಲು ಒಪ್ಪಿದರೆ ಹತ್ತೂ ಹಣ್ಣು ಪ್ರದರ್ಶನಕ್ಕೆ, ಒಪ್ಪದಿದ್ದರೆ ಪೇರಲ ವಾಪಸ್.

ಅಷ್ಟೇ, ಮನುಷ್ಯ ಹುಚ್ಚನಂತಾದ. ಕೆಲಸವಿಲ್ಲದೆ ಅರಭಾವಿಯ ಬಸ್ಸು ಹತ್ತಿದ, ಅಲ್ಲಿ ಇಳಿದು ಅದೇ ಬಸ್ಸಿಗೆ ಮರಳಿದ. ಕುಂಚ ಹಿಡಿದ, ಇಟ್ಟ. ಚಹಾ ಕುಡಿಯಲೇ ಇಲ್ಲ.

"ಕಾಲಿಗೆ ಚಕ್ರ ಕಟ್ಟಿಗೊಂಡೀರೇನು? ಒಂದ ಕಡೆ ಕುಂದರ್ರಿ!" ಹೆಂಡತಿ ಜರೀನಾಬಿ ರೇಗಿದಳು.

"ಪೇರಲ ವಾಪಸ್ ಬಂದ್ರ ಕಾಕೂಗ ಏನ್ ಹೇಳ್ಲಿ?"

"ತೂತು ಹೋದ್ರ ಹೋಗ್ಲಿ. ಹಣ್ಣರ ಅಲ್ಲಿರತೈತಲ್ಲ."

ಹೌದೆನಿಸಿತು. ಮಗಳು ಸಾನಿಯಾಗೆ ಫೋನಿನಲ್ಲಿ ಒಪ್ಪಿಗೆ ಬರೆದು ಕಳಿಸು ಎಂದ. ಹೊಸ್ತಿಲು ದಾಟಿದ್ದಾನೋ ಇಲ್ಲವೋ, ಓಡಿ ಬಂದ.

"ತಡಿ, ತಡಿ! ಅಳಸು!"

"ಹೋತು ಅಬ್ಬಾ" ಎಂದಳು ಸಾನಿಯಾ.

ತಿಂಗಳ ಮೇಲೆ ಫೋಟೋ ಬಂತು. ಗಾಜಿನ ಪೆಟ್ಟಿಗೆಯಲ್ಲಿ ಹತ್ತು ಹಣ್ಣು ಮಿರಮಿರ ಮಿಂಚುತ್ತಿದ್ದವು. ಮೈನೋದ್ದೀನನಿಗೆ ಖುಷಿಯೂ ಆಗಲಿಲ್ಲ, ಹಾಳಾದ್ದು, ಸುಮ್ಮನಿರಲೂ ಆಗಲಿಲ್ಲ. ಫೋನು ಹಿಡಿದು ಸೀತವ್ವನ ಮನೆಗೆ ಹೋದ.

ಆಕೆ ಚಾಳೀಸು ಕನ್ನಡಕ ಏರಿಸಿ ಫೋನನ್ನು ಮೂಗಿನ ಹತ್ತಿರ ತಂದಳು. "ಯವ್ವಾ, ಏನ್ ಛಂದ ಕುಂತಾವ!" ಬೆರಳು ಮಾವು, ಸೀತಾಫಲ, ಪೇರಲ ಎಲ್ಲವನ್ನೂ ದಾಟಿ ಹೋಯಿತು. ಮತ್ತೆ ಮೊದಲಿನಿಂದ ಹುಡುಕಿದಳು.

"ಮೈನೂ, ನಮ್ಮನಿಯವರದು ಯಾವುದಪಾ?"

ಅವನು ಪೇರಲ ತೋರಿಸಿದ.

ಸೀತವ್ವ ಬಹಳ ಹೊತ್ತು ನೋಡಿ ಫೋನು ವಾಪಸ್ ಕೊಟ್ಟಳು. "ಅದಲ್ಲ ಬಿಡು" ಎಂದಳು. "ಅವರು ಹಿಂಗ ಮಾಡತಿರಲಿಲ್ಲ."