ಆಯುಧಪೂಜೆಯ ಮೋಟು ರಿವಾಲ್ವರ್

ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿಪಿ ಡಾಕ್ಟರ್ ಆಗಿರುವ ನನ್ನ ಅಳಿಯನಿಗೆ ತೋಟಾ ಬರುವ ಮೊದಲಿನ ಹಳೆಯ ಕೇಪಿನ ರಿವಾಲ್ವರ್‌ಗಳನ್ನು ಸಂಗ್ರಹಿಸುವ ಹವ್ಯಾಸ. ಇವತ್ತು ನಳಿಗೆ ಕತ್ತರಿಸಿ ಮೋಟು ಮಾಡಿದ್ದೊಂದನ್ನು ತಂದು ಎಣ್ಣೆ ಹಚ್ಚುತ್ತಿದ್ದ. ಆ ವಾಸನೆಗೆ ತವರಿನ ಆಯುಧಪೂಜೆ ನೆನಪಾಯಿತು. ಅಪ್ಪ ಅಂಥದ್ದೇ ಮೋಟು ರಿವಾಲ್ವರಿಗೆ ಕುಂಕುಮ ಹಚ್ಚಿ, ಗೇಣಿದಾರರ ಕೈಯಲ್ಲಿ ಹೂವಿಡಿಸುತ್ತಿದ್ದರು. ಮುದುಕ ಬೋರಯ್ಯನ ಕೈ ನಡುಗುತ್ತಿತ್ತು. "ನೋಡು ಮಗಳೇ, ಎಂಥ ಭಕ್ತಿ" ಎನ್ನುತ್ತಿದ್ದರು ಅಪ್ಪ. ಅದು ಅಪ್ಪ ಚಿರತೆ ಹೊಡೆದ ರಿವಾಲ್ವರೆಂದು ಈ ಮನೆಯಲ್ಲೂ ನಾನು ಜಂಬ ಕೊಚ್ಚಿದ್ದೆ.

"ನಳಿಗೆ ಯಾಕಪ್ಪ ಕತ್ತರಿಸ್ತಾರೆ?" ಎಂದು ಅಳಿಯನನ್ನು ಕೇಳಿದೆ.

"ಕೋಟಿನೊಳಗೆ ಬಚ್ಚಿಡೋಕೆ, ಅತ್ತೆ. ಬೇಟೆಗೆ ಇದು ಆಗಲ್ಲ. ಎದುರಿಗೆ ನಿಂತ ಮನುಷ್ಯನ್ನ ಹೆದರಿಸೋಕೆ."

"ಬಟ್ ಅಜ್ಜಿ, ಚಿರತೆ?" ಎಂದಳು ಮೊಮ್ಮಗಳು.

ಅಳಿಯನ ಮುಂದೆ ಎಂದೂ ತವರನ್ನು ಬಿಟ್ಟುಕೊಡದ ನಾನು ಹೇಳಿದೆ, "ಚಿರತೆ ಸುಳ್ಳು ಪುಟ್ಟಿ. ನಮ್ಮಪ್ಪ ಬಡವರನ್ನ ಹೆದರಿಸ್ತಿದ್ರು."