ಮೊದಲು ಬಾಗಿಲು ತಟ್ಟಿದವರ ಮೇಷ್ಟ್ರು

ಬಂದೂಕು ಇಟ್ಟುಕೊಳ್ಳುವ ಹಕ್ಕನ್ನು ಕುರಿತು ನಮ್ಮ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸುವ ವಕೀಲರಲ್ಲಿ ಹಕ್ಕಿನ ಪರ, ನಿರ್ಬಂಧದ ಪರ ಎಂದು ಎರಡು ಬಣಗಳುಂಟು. ಒಂದು ಬಣದವರು ಇನ್ನೊಂದರವರೊಡನೆ ಕೂತು ಕಾಫಿ ಕುಡಿಯುವುದೂ ಅಪರೂಪ. ಆದರೂ ಎರಡೂ ಬಣದವರು ‘ನಮ್ಮ ಮೇಷ್ಟ್ರು’ ಎಂದು ಹೇಳಿಕೊಳ್ಳುವ ಒಬ್ಬರು ಈ ವಾಷಿಂಗ್ಟನ್ನಿನಲ್ಲಿದ್ದಾರೆ. ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಪ್ರೊಫೆಸರ್ ಡೆಸ್ಮಂಡ್ ಹ್ಯಾವರ್ಟಿಯವರ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ, ಅವರ ಶಿಷ್ಯೆಯಾದ ನನಗೆ ಒದಗಿದೆ.

ಕಾನೂನು ಶಾಲೆಗೆ ತರುಣ ಅಧ್ಯಾಪಕರಾಗಿ ಬಂದ ಹೊಸತರಲ್ಲೇ ಅವರು ಅಣಕು ನ್ಯಾಯಾಲಯವೊಂದನ್ನು ಕಟ್ಟಿದರು. ನಿಜವಾದ ವಾದಕ್ಕೆ ಕೆಲವು ದಿನ ಮೊದಲು ವಕೀಲರು ಇಲ್ಲಿ ನಿಂತು ವಾದಿಸಬೇಕು. ಮೇಷ್ಟ್ರೂ ಅವರ ಸಹೋದ್ಯೋಗಿಗಳೂ ನ್ಯಾಯಮೂರ್ತಿಗಳಾಗಿ ಕೂತು ಅವರ ಬೆವರಿಳಿಸಬೇಕು. ಒಂದು ಮೊಕದ್ದಮೆಯಲ್ಲಿ ಒಂದೇ ಪಕ್ಷಕ್ಕೆ ಪ್ರವೇಶ, ಅದೂ ಮೊದಲು ಬಾಗಿಲು ತಟ್ಟಿದವರಿಗೆ. “ಬಣ ನೋಡಿ ಬಾಗಿಲು ತೆಗೆಯೋಕೆ ನಾನೇನು ಪಾರ್ಟಿ ಆಫೀಸ್ ಇಟ್ಕೊಂಡಿದೀನಾ?” ಎನ್ನುತ್ತಿದ್ದರು.

ವಿದ್ಯಾರ್ಥಿದೆಸೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊಂಟಾನಾದ ನನ್ನೂರಿಗೆ ಹೋಗಲಾಗದಿದ್ದಾಗ ಅವರು ಕರೆದು ಊಟ ಹಾಕಿದ್ದುಂಟು. ಅವರೇ ಬೇಯಿಸಿದ ಟರ್ಕಿ ಕೋಳಿ ಹಲಗೆಯಷ್ಟು ಗಟ್ಟಿಯಾಗಿತ್ತೆಂಬುದನ್ನು ಅಭಿನಂದನ ಗ್ರಂಥವೆಂಬ ಸಂಕೋಚದಿಂದ ಬಿಟ್ಟುಬಿಡಲಾರೆ. ಗಡಗಡನೆ ಮಾತಾಡುವ ನನ್ನ ಚಟ ಬಿಡಿಸಿದವರೂ ಅವರೇ.

ಮುಂದೆ ನಾನು ವಕೀಲೆಯಾದ ಮೇಲೆ, ಸರ್ವೋಚ್ಚ ನ್ಯಾಯಾಲಯಕ್ಕೇರಿದ್ದ ಇಡಾ ಲಿಂಡ್‌ಕ್ವಿಸ್ಟ್ ಎಂಬಾಕೆಯ ಮೊಕದ್ದಮೆ ನನ್ನ ಪಾಲಿಗೆ ಬಂತು. ಹತ್ತೊಂಬತ್ತರ ಹರೆಯದಲ್ಲಿ ಗೆಳತಿಗಾಗಿ ಸುಳ್ಳು ಸಹಿ ಹಾಕಿ ಶಿಕ್ಷೆಗೊಳಗಾಗಿದ್ದ ಇಡಾ, ರಾಜ್ಯದ ಕಾನೂನಿನಂತೆ ಸಾಯುವತನಕ ಬಂದೂಕು ಮುಟ್ಟುವಂತಿರಲಿಲ್ಲ. ಈಗ ಅರವತ್ತು ದಾಟಿ, ಕುರಿ ಸಾಕಿಕೊಂಡು ಒಂಟಿಯಾಗಿದ್ದಳು. ಅವಳನ್ನು ಬಡಿದು ಜೈಲು ಸೇರಿದ್ದ ಮಾಜಿ ಗಂಡ ಹೊರಬಂದು ‘ಬರ್ತೀನಿ’ ಎಂದು ಹೇಳಿ ಕಳಿಸಿದ್ದ. ಅಲ್ಲಿನ ಪೊಲೀಸ್ ಅಧಿಕಾರಿ ಷೆರಿಫ್ ಬರಬೇಕಾದರೆ ಒಂದು ಗಂಟೆ ದಾರಿ.

ಇಂಥ ಮೊಕದ್ದಮೆಗಳಲ್ಲಿ ನ್ಯಾಯಾಲಯ ಇತಿಹಾಸ ಕೇಳುತ್ತದೆ. ಇಂದಿನ ನಿರ್ಬಂಧಕ್ಕೆ ಇನ್ನೂರು ವರ್ಷದ ಹಿಂದಿನ ಕಾಯಿದೆಯೊಂದನ್ನು ಪೂರ್ವಜನೆಂದು ಸರ್ಕಾರ ಹುಡುಕಿ ತರಬೇಕು. ತದ್ರೂಪಿ ಅವಳಿ ಸಿಗದಿದ್ದರೆ ದೂರದ ಹೋಲಿಕೆಯ ದಾಯಾದಿಯಾದರೂ ಆದೀತು. ಹೀಗಾಗಿ ಎರಡೂ ಕಡೆಯವರು ಮದ್ದುಗುಂಡಿನ ಹಳೆಯ ಕಾಯಿದೆಗಳನ್ನು ಕೆದಕಿ ಧೂಳಿಗೆ ಕೆಮ್ಮುತ್ತಿದ್ದೆವು. ನಾನು ಬೆಳಿಗ್ಗೆ ಮೇಷ್ಟ್ರ ಬಾಗಿಲು ತಟ್ಟಿದೆ. ರಾಜ್ಯದ ವಕೀಲರು ಮಧ್ಯಾಹ್ನ ಬಂದು ಬರಿಗೈಯಲ್ಲಿ ಹಿಂದಿರುಗಿದರು.

ಅಣಕು ಪೀಠದ ಮುಂದೆ ನನ್ನ ದಾಯಾದಿ ಪುರಾಣವೆಲ್ಲ ಸೊಗಸಾಗಿಯೇ ಸಾಗಿತ್ತು. ಆಗ ನಡುವಿನ ಕುರ್ಚಿಯಲ್ಲಿದ್ದ ಮೇಷ್ಟ್ರು ಕನ್ನಡಕ ತೆಗೆದರು.

“ವಕೀಲರೇ, ನಮ್ಮಣ್ಣ ರೋರಿ ಔಷಧಿ ಅಂಗಡಿ ಇಟ್ಟಿದ್ದ. ಅಂಗಡಿಗೆ ನುಗ್ಗಿ ಅವನಿಗೆ ಗುಂಡು ಹೊಡೆದವನ ಮೇಲೆ ಅದಕ್ಕೆ ಮುಂಚೆ ಇದ್ದದ್ದು ಒಂದೇ ಒಂದು ಸುಳ್ಳು ಸಹಿ ಕೇಸು. ನಿಮ್ಮ ವಾದ ಗೆದ್ರೆ ಅಂಥವನ ಕೈಗೂ ಬಂದೂಕು ಬರುತ್ತೆ. ನಮ್ಮ ಅತ್ತಿಗೆಗೆ ಏನು ಹೇಳ್ತೀರಿ?”

ಅವರ ಅಣ್ಣ ಸತ್ತದ್ದು ಹೀಗೆಂದು ನನಗೆ ಗೊತ್ತಿರಲಿಲ್ಲ. ಮುಂದಿದ್ದ ಟಿಪ್ಪಣಿಗಳನ್ನು ತಿರುವಿಹಾಕಿದೆ.

“ಸರ್, ನೀವು ಈ ಕೇಸು ತಗೋಬಾರದಿತ್ತು” ಎಂದೆ ಕೊನೆಗೆ.

“ಅದು ಉತ್ತರ ಅಲ್ಲ ಗ್ರೆಟಾ. ಎಷ್ಟು ಹೊತ್ತು ಸುಮ್ಮನಿರಬೇಕೋ ಇಲ್ಲೇ ಇದ್ಬಿಡು. ಅಲ್ಲಿ ಅದಕ್ಕೆಲ್ಲ ಟೈಮ್ ಕೊಡಲ್ಲ. ಉತ್ತರ ಸಿಗೋವರೆಗೂ ನಾನೂ ಏಳಲ್ಲ.”

ಸಂಜೆಯಾಯಿತು. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಎದ್ದುಹೋದರು, ಮೇಷ್ಟ್ರು ಏಳಲಿಲ್ಲ. ನನ್ನ ಒಂದೊಂದು ಉತ್ತರವನ್ನೂ ಅಣ್ಣನನ್ನು ಕಳೆದುಕೊಂಡವರಂತೆಯೇ ಮುರಿದರು, ಮತ್ತೆ ಮೇಷ್ಟ್ರಾಗಿ ಜೋಡಿಸಿಕೊಟ್ಟರು.

ನಿಜವಾದ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಯೊಬ್ಬರು ಹೆಚ್ಚುಕಡಿಮೆ ಅದನ್ನೇ ಕೇಳಿದರು. “ಸತ್ತವರ ಮನೆಯವರಿಗೆ ಸಮಾಧಾನ ಹೇಳುವ ಮಾತು ನನ್ನಲ್ಲಿಲ್ಲ” ಎಂದೆ. “ಅಪಾಯಕಾರಿಯ ಕೈಯಿಂದ ಬಂದೂಕು ಕಿತ್ತುಕೊಳ್ಳುವ ಅಧಿಕಾರ ರಾಜ್ಯಕ್ಕಿದೆ. ಆದರೆ ಯಾರು ಅಪಾಯಕಾರಿ ಎಂದು ಅದು ನೋಡಬೇಕು. ಇಡಾಳನ್ನು ಈವರೆಗೆ ಯಾರೂ ನೋಡಿಲ್ಲ.”

ಜೂನ್ ತಿಂಗಳಲ್ಲಿ ತೀರ್ಪು ಬಂತು: ಇಡಾಳ ಮಟ್ಟಿಗೆ ಮಾತ್ರ ನಿಷೇಧ ಸಲ್ಲದು, ಉಳಿದವರ ಮಾತು ಮುಂದೆ ನೋಡೋಣ. ನಮ್ಮ ಹಿರಿಯ ನ್ಯಾಯಾಲಯ ಅಳೆದು ಸುರಿದು ಕೊಡುವುದೇ ಹಾಗೆ. ಇಡಾ ಫೋನಿನಲ್ಲಿ ಅತ್ತಳು. ಮೇಷ್ಟ್ರಿಗೆ ತಿಳಿಸಿದಾಗ, “ಆ ಹೆಂಗಸು ಇನ್ಮೇಲಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡ್ಲಿ. ತೀರ್ಪು ಮಾತ್ರ ತಪ್ಪು ಅಂತಾನೇ ನನಗೆ ಅನ್ಸುತ್ತೆ” ಎಂದರು. ಅವರ ಮೇಲೆ ನನಗಿದ್ದ ಗೌರವ ಅಂದು ಇಮ್ಮಡಿಸಿತು.

ಮೇಷ್ಟ್ರು ಶತಾಯುಷಿಗಳಾಗಲಿ, ನಿವೃತ್ತಿಯ ನಂತರವೂ ಇನ್ನಷ್ಟು ವಕೀಲರ ಬೆವರಿಳಿಸಲಿ ಎಂದು ಎರಡೂ ಬಣಗಳ ಪರವಾಗಿ ಹಾರೈಸುತ್ತೇನೆ. ಕಳೆದ ತಿಂಗಳ ಬೀಳ್ಕೊಡುಗೆ ಔತಣದಲ್ಲಿ ಅವರ ಅತ್ತಿಗೆ ಮಾರ್ಗೊ ನನ್ನ ಪಕ್ಕದಲ್ಲಿ ಬಂದು ಕೂತರು. ನಾನು ನನ್ನ ಹೆಸರು ಹೇಳಲು ಹಿಂಜರಿದೆ. ಅವರಿಗೆ ಆಗಲೇ ಗೊತ್ತಿತ್ತು.

“ನಿಮ್ಮನ್ನ ತಯಾರು ಮಾಡಿದ ದಿನ ಡೆಸ್ಮಂಡ್ ನಮ್ಮನೇಗೆ ಬಂದು ತಟ್ಟೆ ಮುಂದೆ ಉಣ್ಣದೆ ಕೂತುಬಿಟ್ಟ” ಎಂದರು. “ಆ ಹುಡುಗಿಗೆ ಚೆನ್ನಾಗಿ ಹೇಳ್ಕೊಟ್ಯಾ ಅಂತ ಕೇಳಿದೆ. ಹೂಂ ಅಂದ. ಏನೂ ಬಚ್ಚಿಟ್ಕೊಳ್ಳಲಿಲ್ಲ ತಾನೇ ಅಂದೆ. ಇಲ್ಲ ಅತ್ತಿಗೆ ಅಂದ. ಹಾಗಾದ್ರೆ ಉಣ್ಣು ಅಂದೆ.”