ದೊಡ್ಡಕ್ಷರದ ರಿಜಿಸ್ಟರು

ನನ್ನ ಬಾಯಿಂದ ಒಬ್ಬ ಹಿರಿಯರ ಕೆಲಸ ಹೋಯಿತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರು ತಮಾಷೆ ಮಾಡಿದಾಗ ನಾನೂ ನಗುತ್ತೇನೆ. ಆದರೆ ಆ ಶನಿವಾರ ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಎರಡು ಸಾವಿರದ ದಶಕದ ನಡುವಿನ ಮಾತು. ದೆಹಲಿಯ ಮುನಿರ್ಕಾದ ಒಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು ನೋಯ್ಡಾದ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಹೋಗುತ್ತಿದ್ದೆ. ಅಲ್ಲಿ ಕನ್ನಡದವರು ಇಬ್ಬರೇ: ಪ್ರೋಗ್ರಾಂ ಬರೆಯುವ ನಾನು, ಸರ್ವರ್ ನೋಡಿಕೊಳ್ಳುವ ಕೊಡಗಿನ ಅಂಕಲ್. ಸೈನ್ಯದ ಸಿಗ್ನಲ್ಸ್ ವಿಭಾಗದಿಂದ ನಿವೃತ್ತರಾದ ಮೇಲೆ ಕಂಪ್ಯೂಟರ್ ಕಲಿತವರು. ನಿವೃತ್ತ ಸೈನಿಕ ಎಂದರೆ ಸಾಕು, ದೆಹಲಿಯಲ್ಲಿ ಎಲ್ಲರೂ ಗೇಟು ಕಾಯಲು ಕರೆಯುತ್ತಾರೆ. ಅದು ಬೇಡವೆಂದೇ ಹಟ ಹಿಡಿದು ಕಲಿತಿದ್ದರು. ಊರಿನ ಇನ್ನೊಂದು ತುದಿಯ ರೋಹಿಣಿ ಬಡಾವಣೆಯಿಂದ ಎರಡು ಬಸ್ಸು ಬದಲಾಯಿಸಿ ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದರು. ಆರು ತಿಂಗಳ ಪ್ರೊಬೇಷನ್ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು, ಕಾಯಂ ಆಗುವ ಪತ್ರಕ್ಕೆ ಕಾಯುತ್ತಿದ್ದರು. ಅವರ ಡಬ್ಬಿಯಲ್ಲಿ ನನ್ನ ಪಾಲಿನ ಕಡಂಬುಟ್ಟು ಬೇರೆಯಾಗಿಯೇ ಇರುತ್ತಿತ್ತು. ಹಾಸ್ಟೆಲ್ ಊಟ ಉಂಡು ಬೆಳೆದ ನಾನು ಆ ಅಕ್ಕಿಯ ಉಂಡೆಗಳನ್ನು ನಾಚಿಕೆಯಿಲ್ಲದೆ ತಿನ್ನುತ್ತಿದ್ದೆ.

ಅಂಕಲ್‌ಗೆ ಒಂದು ಅಭ್ಯಾಸವಿತ್ತು. ಸರ್ವರ್‌ಗೆ ಹಾಕಿದ ಪ್ರತಿಯೊಂದು ಫೈಲಿನ ಹೆಸರನ್ನೂ ರಿಜಿಸ್ಟರಿನಲ್ಲಿ ಕೈಯಾರೆ ಬರೆಯುತ್ತಿದ್ದರು, ಅದೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ. ಸೈನ್ಯದಲ್ಲಿ ಸಂದೇಶಗಳನ್ನು ಹಾಗೆಯೇ ಬರೆದು ಬರೆದು ಕೈ ಕೂತಿತ್ತಂತೆ. "ಸಣ್ಣಕ್ಷರದಲ್ಲಿ ಓದೋನು ತಪ್ಪು ಓದ್ಬಹುದು ಮಗಳೇ, ಇದ್ರಲ್ಲಿ ತಪ್ಪು ಓದಲ್ಲ," ಎನ್ನುತ್ತಿದ್ದರು.

ಆ ಶನಿವಾರ ಒಂದು ಶಾಲೆಯವರು ನಮ್ಮ ಪ್ರೋಗ್ರಾಂ ನೋಡಲು ಬಂದಿದ್ದರು. ಪರದೆಯ ಮೇಲಿನ ಗುಂಡಿ ಒತ್ತಿದರೆ ಅಂಕಪಟ್ಟಿ ತಯಾರಿಸುವ ಇನ್ನೊಂದು ಪ್ರೋಗ್ರಾಂ ತೆರೆದುಕೊಳ್ಳಬೇಕಿತ್ತು. ನನ್ನ ಮೇಜಿನ ವಿಂಡೋಸ್ ಯಂತ್ರದಲ್ಲಿ ನೂರು ಸಲ ತೆರೆದುಕೊಂಡಿತ್ತು. ಅವರಿಗೆ ಬೇಕಾಗಿದ್ದ ಲಿನಕ್ಸ್ ಸರ್ವರಿನಲ್ಲಿ, ಎಲ್ಲರೂ ಕಣ್ಣರಳಿಸಿ ಕೂತಿರುವಾಗ, ಅಂಥ ಫೈಲೇ ಇಲ್ಲ ಎಂದಿತು. ಮತ್ತೆ ಒತ್ತಿದೆ, ಇಲ್ಲ. ಮ್ಯಾನೇಜರ್ ಕೆಮ್ಮಿದರು.

ವಿಂಡೋಸಿಗೆ ಫೈಲಿನ ಹೆಸರು ದೊಡ್ಡಕ್ಷರದಲ್ಲಿದ್ದರೂ ಸಣ್ಣಕ್ಷರದಲ್ಲಿದ್ದರೂ ಒಂದೇ. ಲಿನಕ್ಸಿಗೆ ಹಾಗಲ್ಲ, ಒಂದು ಅಕ್ಷರ ಬದಲಾದರೂ ಅದು ಬೇರೆಯೇ ಫೈಲು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ತಲೆಯಲ್ಲಿ ತಟ್ಟನೆ ಆ ರಿಜಿಸ್ಟರು ಹೊಳೆಯಿತು. ಎದ್ದು ಹೋಗಿ ಅಂಕಲ್ ಮೇಜಿನಿಂದ ಅದನ್ನು ಎತ್ತಿಕೊಂಡು ಬಂದು ಮ್ಯಾನೇಜರ್ ಮುಂದೆ ಹರಡಿದೆ. "ದೇಖಿಯೇ ಸರ್, ಎಲ್ಲಾ ದೊಡ್ಡಕ್ಷರ. ಹೆಸರು ಬದಲಾಯಿಸಿ ಹಾಕಿದ್ದಾರೆ," ಎಂದು ಶಾಲೆಯವರಿಗೂ ಅರ್ಥವಾಗಲಿ ಎಂದು ಹಿಂದಿಯಲ್ಲೇ ಹೇಳಿದೆ.

ಅಂಕಲ್ ಎದ್ದು ನಿಂತರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಇಲ್ಲಮ್ಮ, ನೀನು ಕೊಟ್ಟಿದ್ದು ಕೊಟ್ಟ ಹಾಗೇ ಹಾಕಿದ್ದೀನಿ. ಬರೆಯೋದು ಮಾತ್ರ ಹೀಗೆ," ಎಂದರು.

"ಹಾಗಾದ್ರೆ ಫೈಲಿಗೆ ಕಾಲು ಬಂದು ಓಡಿಹೋಯ್ತಾ ಅಂಕಲ್?" ಎಂದೆ.

ಅವರು ರಿಜಿಸ್ಟರನ್ನು ನೋಡಿದರು. ತಮ್ಮ ಕೈಬರಹದ ಮೇಲೆ ತಮಗೇ ಅನುಮಾನ ಬಂದಿದ್ದು ಮುಖದಲ್ಲಿ ಕಾಣಿಸಿತು. ಶಾಲೆಯವರು ಸೋಮವಾರ ಬರುತ್ತೇವೆ ಎಂದು ಹೊರಟರು, ಮ್ಯಾನೇಜರ್ ಅವರನ್ನು ಕಳಿಸಲು ಲಿಫ್ಟಿನವರೆಗೆ ಹೋದರು. ಅಂಕಲ್ ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದರು.

ನಾನು ಸರ್ವರಿನ ಮುಂದೆ ಕೂತು ಫೈಲುಗಳ ಪಟ್ಟಿ ತೆಗೆದೆ. ಒಂದೊಂದು ಹೆಸರೂ ನಾನು ಕೊಟ್ಟ ಹಾಗೆಯೇ ಇತ್ತು, ಎಲ್ಲವೂ ಸಣ್ಣಕ್ಷರ. ನಂತರ ನನ್ನ ಪ್ರೋಗ್ರಾಂ ತೆರೆದೆ. ಅಂಕಪಟ್ಟಿಯನ್ನು ಕರೆಯುವ ಸಾಲಿನಲ್ಲಿ, ಹೆಸರಿನ ಮೊದಲ ಅಕ್ಷರವನ್ನು ದೊಡ್ಡದಾಗಿ ಒತ್ತಿದ್ದವಳು ನಾನು. ವಿಂಡೋಸ್ ಅದನ್ನು ಇಷ್ಟು ದಿನ ಹೊಟ್ಟೆಗೆ ಹಾಕಿಕೊಂಡಿತ್ತು. ಒಂದೇ ಅಕ್ಷರ ತಿದ್ದಿ ಗುಂಡಿ ಒತ್ತಿದೆ. ಅಂಕಪಟ್ಟಿ ತೆರೆದುಕೊಂಡಿತು.

ಆಗಲೇ ಅಂಕಲ್ ಬಂದರು. "ಬಂತಾ?"

"ಬಂತು."

"ಏನಾಗಿತ್ತು?"

"ಹೆಸರಲ್ಲಿ ಸ್ವಲ್ಪ ವ್ಯತ್ಯಾಸ ಇತ್ತು ಅಂಕಲ್. ಸರಿ ಮಾಡ್ದೆ."

ಯಾರು ಮಾಡಿದ ವ್ಯತ್ಯಾಸ ಎಂದು ಅವರು ಕೇಳಲಿಲ್ಲ. "ನನ್ನಿಂದ ನಿನ್ಗೆ ಎಲ್ಲರ ಮುಂದೆ ಮುಜುಗರ ಆಯ್ತು. ಬೇಜಾರು ಮಾಡ್ಕೋಬೇಡ," ಎಂದರು. ನಾನು ಪರವಾಗಿಲ್ಲ ಎಂದೆ. ಕ್ಷಮಿಸಿಬಿಟ್ಟೆ! ಆ ಮಾತನ್ನು ಈಗಲೂ ನಾಲಿಗೆಯಿಂದ ಉಜ್ಜಿ ತೆಗೆಯಬೇಕು ಅನ್ನಿಸುತ್ತದೆ.

ಸೋಮವಾರ ಶಾಲೆಯವರು ಒಪ್ಪಿಕೊಂಡು ಹೋದರು. ಅದೇ ವಾರ ಮ್ಯಾನೇಜರ್ ನನ್ನನ್ನು ಕರೆದು, "ತುಮ್ಹಾರೆ ಅಂಕಲ್ ಕಾ ಕ್ಯಾ ಕರೇಂ, ಏನು ಮಾಡೋಣ? ಕೆಲಸ ಗೊತ್ತಾ ಅವರಿಗೆ?" ಎಂದು ಕೇಳಿದರು. ನಿಜ ಹೇಳಿದರೆ ಶನಿವಾರದ ನನ್ನ ನಾಟಕವೆಲ್ಲ ಬಯಲಾಗುತ್ತಿತ್ತು. "ಆಪ್ ದೇಖ್ ಲೀಜಿಯೇ ಸರ್," ಎಂದು ತೀರ್ಮಾನವನ್ನು ಅವರಿಗೇ ಬಿಟ್ಟು ಹೊರಗೆ ಬಂದೆ. ಕಾಯಂ ಪತ್ರ ಬರಲಿಲ್ಲ. ಕೊನೆಯ ದಿನ ಅಂಕಲ್ ನನ್ನ ಮೇಜಿನ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟು ಹೋದರು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ತಿಂಗಳೊಂದು ಕಳೆದ ಮೇಲೆ ಒಂದು ಭಾನುವಾರ ಅವರ ಹೆಂಡತಿಯ ಫೋನ್ ಬಂತು. ನಾವು ಒಮ್ಮೆಯೂ ಮುಖ ನೋಡಿರಲಿಲ್ಲ. "ಬೇರೆ ಕಡೆ ಇಂಟರ್‌ವ್ಯೂಗೆ ಕರೆದಿದ್ದಾರಮ್ಮ, ಇವರು ಹೋಗಲ್ಲ ಅಂತ ಕೂತಿದ್ದಾರೆ. ನಂಗೆ ಕಂಪ್ಯೂಟರ್ ಕೈಗೆ ಹತ್ತಲ್ಲ ಅಂತಾರೆ. ನಿನ್ನ ಮಾತು ಅಂದ್ರೆ ಅವರಿಗೆ ನಂಬಿಕೆ, ಒಂದು ಸಲ ಹೇಳು," ಎಂದು ಅವರ ಕೈಗೆ ಫೋನ್ ಕೊಟ್ಟರು.

"ಅಂಕಲ್, ನಿಮ್ಗೆ ಕೆಲಸ ಚೆನ್ನಾಗಿ ಗೊತ್ತು. ಹೋಗಿ," ಎಂದೆ.

ಅವರು ಮೆಲ್ಲಗೆ ನಕ್ಕರು. "ಸಮಾಧಾನಕ್ಕೆ ಹೇಳ್ತಿದ್ದೀಯ. ಆವತ್ತು ಏನಾಯ್ತು ಅಂತ ನೀನೇ ನೋಡಿದ್ದೀಯಲ್ಲ ಮಗಳೇ."

ಅವರು ಕಾಯುತ್ತಿದ್ದರು. ಹೇಳಬೇಕಾಗಿದ್ದು ಒಂದೇ ವಾಕ್ಯ, ಅದನ್ನು ಹೇಳಲು ನನ್ನನ್ನು ತಡೆಯುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. "ಆಂಟಿಗೆ ಕೊಡಿ ಅಂಕಲ್," ಎಂದೆ. ಆಂಟಿ ಬಂದಾಗ, ಹೇಳಿದ್ದೇನೆ ಎಂದೆ. ಅವರು ನನಗೆ ಒಳ್ಳೆಯದಾಗಲಿ ಎಂದು ಹರಸಿದರು.